ಫುಟ್‌ಬಾಲಿನಲ್ಲೂ ಮ್ಯಾನೇಜ್‌ಮೆಂಟ್ ಸೀಟು!

ಮೊನ್ನೆ ಊರಿಗೆ ಹೋದಾಗ ಸಂಜೆ ಹೈಸ್ಕೂಲ್ ಮೈದಾನದ ಕಡೆ ಹೋಗಿದ್ದೆ. ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಗೋಲು ಕಂಬದ ಜಾಗದಲ್ಲಿ ಎರಡು ಕಲ್ಲು. ಅರ್ಧ ಜನರ ಕಾಲಿಗೆ ಬೂಟಿಲ್ಲ. ಆಟ ಮುಗಿದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತು ಕೇಳಿದ:

"ಅಣ್ಣಾ, ನಮ್ಮ ಟೀಮ್ ಗೆಲ್ಕೋತ ಗೆಲ್ಕೋತ ಹೋದ್ರ ಐಎಸ್‌ಎಲ್ ಮುಟ್ಟಬಹುದೇನು?"

ಹೌದು ಅನ್ನಬೇಕು ಅಂತಿದ್ದೆ. ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ಈ ಲೇಖನ.

ಜಾತ್ರೆಯ ಕುಸ್ತಿ ನೋಡಿದವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಜೋಡಿಯಲ್ಲಿ ಗೆದ್ದ ಪೈಲ್ವಾನನಿಗೆ ಮುಂದಿನ ವರ್ಷ ದೊಡ್ಡ ಜೋಡಿ ಸಿಗುತ್ತದೆ. ಸೋಲುತ್ತಾ ಹೋದವನು ಕೆಳಗಿನ ಜೋಡಿಗೆ ಇಳಿಯುತ್ತಾನೆ. ಕಣದಲ್ಲಿ ಯಾರ ಅಪ್ಪನ ಹೊಲ ಎಷ್ಟು ಎಕರೆ ಅಂತ ಕೇಳುವುದಿಲ್ಲ. ಫುಟ್‌ಬಾಲ್ ಲೀಗುಗಳೂ ಜಗತ್ತಿನ ಬಹುತೇಕ ಕಡೆ ನಡೆಯುವುದು ಹೀಗೆಯೇ. ನಮ್ಮ ದೇಶದಲ್ಲಿ ಹಾಗೆ ನಡೆದು ಬಂದಿಲ್ಲ.

ಎರಡನೇ ದರ್ಜೆ ಲೀಗ್ ಅಂದರೇನು?

ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಮೇಲಿನ ಲೀಗ್ ಪ್ರೀಮಿಯರ್ ಲೀಗ್, ಅದರ ಕೆಳಗಿನದು ಚಾಂಪಿಯನ್‌ಷಿಪ್. ಹೆಸರು ಚಾಂಪಿಯನ್‌ಷಿಪ್ ಆದರೂ ಅದು ಎರಡನೇ ದರ್ಜೆ. 24 ತಂಡಗಳು, ಒಂದೊಂದು ತಂಡಕ್ಕೆ 46 ಪಂದ್ಯ. ಸೀಸನ್ ಮುಗಿದಾಗ ಮೊದಲ ಎರಡು ತಂಡ ನೇರವಾಗಿ ಮೇಲಕ್ಕೆ ಹೋಗುತ್ತವೆ. ಮೂರನೆಯ ಜಾಗಕ್ಕೆ, ಅವುಗಳ ಹಿಂದಿರುವ ತಂಡಗಳು ತಮ್ಮಲ್ಲೇ ಪ್ಲೇ-ಆಫ್ ಆಡುತ್ತವೆ. ಮೇಲಿನ ಲೀಗಿನಲ್ಲಿ ಕೊನೆಗೆ ಉಳಿದ ಮೂರು ತಂಡ ಕೆಳಗೆ ಬರುತ್ತವೆ. ಹಾಗೆ ಬಿದ್ದವರು ಒಮ್ಮೆಲೇ ಮುಳುಗಬಾರದು ಅಂತ ಕೆಲವು ವರ್ಷ ಅವರಿಗೆ ಒಂದಿಷ್ಟು ಹಣ ಕೊಡುತ್ತಾರೆ. ಅದಕ್ಕೆ ಪ್ಯಾರಾಚೂಟ್ ಹಣ ಅಂತಲೇ ಹೆಸರು.

ಲೂಟನ್ ಟೌನ್ ಅಂತ ಒಂದು ಕ್ಲಬ್ ಇದೆ. 2014ರವರೆಗೆ ಅದು ಐದನೇ ದರ್ಜೆಯಲ್ಲಿತ್ತು. ಒಂದೊಂದೇ ಮೆಟ್ಟಿಲು ಹತ್ತಿ 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. ಅದರ ಮೈದಾನಕ್ಕೆ ಬರುವ ಎದುರು ತಂಡದ ಅಭಿಮಾನಿಗಳು ಸಾಲು ಮನೆಗಳ ಸಂದಿಯಲ್ಲಿ ತೂರಿಕೊಂಡು ಒಳಗೆ ಹೋಗಬೇಕು, ಅಷ್ಟು ಇಕ್ಕಟ್ಟು. ಅಂಥ ಕ್ಲಬ್ಬಿನ ಅಂಗಳಕ್ಕೆ ಜಗತ್ತಿನ ಅತಿ ಶ್ರೀಮಂತ ತಂಡಗಳು ಬಂದು ಆಡಿದವು. ಮರುವರ್ಷ ಲೂಟನ್ ಸೋತು ಕೆಳಗೆ ಬಂತು. ಅದರ ಮರುವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗೆ ಬಿತ್ತು. ಅಲ್ಲಿನವರು ಅತ್ತರು. ಆದರೆ ಅನ್ಯಾಯ ಆಯ್ತು ಅಂತ ಯಾರೂ ಹೇಳಲಿಲ್ಲ. ಆಡಿ ಹತ್ತಿದ್ದರು, ಆಡಿ ಇಳಿದರು.

ಎರಡನೇ ದರ್ಜೆ ಲೀಗಿಗೆ ಜೀವ ಬರುವುದು ಮೇಲಕ್ಕೂ ಕೆಳಕ್ಕೂ ತೆರೆದಿರುವ ಈ ಬಾಗಿಲಿನಿಂದ. ಅದನ್ನು ಮುಚ್ಚಿದರೆ ಅಲ್ಲಿ ಉಳಿಯುವುದು ಬರೀ ಟೈಂಪಾಸ್.

ಒಂದೂ ಪಂದ್ಯ ಸೋಲದೆ ಇಡೀ ಲೀಗಿಗೇ ಹಿಂಬಡ್ತಿ

ಈಗ ನಮ್ಮ ದೇಶಕ್ಕೆ ಬನ್ನಿ. ನಮ್ಮಲ್ಲಿ ಎರಡನೇ ದರ್ಜೆಗೆ ಇಳಿದ ಲೀಗ್ ಅಂದರೆ ಐ-ಲೀಗ್. 2007ರಲ್ಲಿ ಶುರುವಾದಾಗ ಇದೇ ದೇಶದ ಅತ್ಯುನ್ನತ ಲೀಗ್. ಇದರಲ್ಲಿ ಗೆದ್ದವರೇ ಭಾರತದ ಚಾಂಪಿಯನ್.

2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಐಎಂಜಿ-ರಿಲಯನ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. 15 ವರ್ಷ, 700 ಕೋಟಿ ರೂಪಾಯಿ. ಅದರ ಫಲವಾಗಿ 2014ರಲ್ಲಿ ಐಎಸ್‌ಎಲ್ ಬಂತು. ಸಿನಿಮಾ ನಟರು, ಕ್ರಿಕೆಟ್ ತಾರೆಯರು, ಪಟಾಕಿ, ಟಿವಿ. ತಂಡಗಳು ಮಾತ್ರ ಮೈದಾನದಲ್ಲಿ ಗೆದ್ದು ಬಂದವಲ್ಲ, ಫ್ರಾಂಚೈಸಿ ಖರೀದಿಸಿ ಬಂದವು. ಕೆಲವು ವರ್ಷ ಎರಡೂ ಲೀಗು ಅಕ್ಕಪಕ್ಕ ನಡೆದವು. 2019ರಲ್ಲಿ ಫೆಡರೇಷನ್ ಐಎಸ್‌ಎಲ್ಲೇ ಇನ್ನು ಮೇಲೆ ದೇಶದ ಅಗ್ರ ಲೀಗ್ ಎಂದು ತೀರ್ಮಾನಿಸಿತು. ಐ-ಲೀಗ್ ಕೆಳಗಾಯಿತು.

ಒಂದು ತಂಡ ಸೋತು ಕೆಳಗಿಳಿಯುವುದನ್ನು ನೋಡಿದ್ದೇವೆ. ಇಲ್ಲಿ ಯಾರೂ ಸೋಲಲಿಲ್ಲ. ಒಂದು ಮೀಟಿಂಗ್, ಒಂದು ಕಾಗದ, ಇಡೀ ಲೀಗಿಗೇ ಹಿಂಬಡ್ತಿ. ದಶಕಗಳಿಂದ ಆಡಿಕೊಂಡು ಬಂದ ಕ್ಲಬ್‌ಗಳು ಹಿಂದಿನ ಬೆಂಚಿಗೆ ಹೋದವು. ಹೊಸದಾಗಿ ಫೀಸು ಕಟ್ಟಿ ಬಂದವರು ಮುಂದಿನ ಬೆಂಚಿನಲ್ಲಿ ಕೂತರು.

ನಮ್ಮ ರಾಜ್ಯದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಮ್ಯಾನೇಜ್‌ಮೆಂಟ್ ಸೀಟು. ಹಗಲು ರಾತ್ರಿ ಓದಿ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ತಂದ ಹುಡುಗಿ ಹೊರಗೆ ನಿಂತಿದ್ದಾಳೆ. ಡೊನೇಷನ್ ಕೊಟ್ಟವನು ಒಳಗೆ ಕೂತಿದ್ದಾನೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಡೊನೇಷನ್ ಕೊಟ್ಟವನು ಫೇಲಾದರೂ ಅವನ ಸೀಟು ಹೋಗಲಿಲ್ಲ!

ಐಜಾಲ್ ಗೆದ್ದರೂ ಗೆಲ್ಲಲಿಲ್ಲ

ಮಿಜೋರಾಂ ರಾಜ್ಯದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 11 ಲಕ್ಷ. ನಮ್ಮ ಚಿಕ್ಕಮಗಳೂರು ಜಿಲ್ಲೆಯಷ್ಟು ಜನ, ಅಷ್ಟೇ. ಅಲ್ಲಿನ ಐಜಾಲ್ ಎಫ್‌ಸಿ 2015-16ರಲ್ಲಿ ಐ-ಲೀಗ್ ಆಡಿತು. ಒಂಬತ್ತು ತಂಡಗಳಲ್ಲಿ ಎಂಟನೆಯ ಸ್ಥಾನ. ಕೊನೆಯ ಸ್ಥಾನ ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್‌ಗೆ. ಹಾಗಾದರೆ ಕೆಳಗಿಳಿದವರು ಯಾರು? ಐಜಾಲ್! ಶಿವಾಜಿಯನ್ಸ್ ನೇರ ಪ್ರವೇಶ ಪಡೆದ ತಂಡ, ಹಾಗಾಗಿ ಅದಕ್ಕೆ ವಿನಾಯಿತಿ.

ಆಮೇಲೆ ಅದೃಷ್ಟವೂ ಸ್ವಲ್ಪ ಕೈ ಹಿಡಿಯಿತು. ಐ-ಲೀಗನ್ನು ಕೆಳಗಿಳಿಸುವ ಯೋಜನೆಗೆ ಬೇಸತ್ತು ಗೋವಾದ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ, ಡೆಂಪೊ ಕ್ಲಬ್‌ಗಳು ಹಿಂದೆ ಸರಿದವು. ಡೆಂಪೊ ಐದು ಬಾರಿ ದೇಶದ ಚಾಂಪಿಯನ್ ಆಗಿದ್ದ ಕ್ಲಬ್. ಆಗಷ್ಟೇ ಕೆಳಗಿನ ದರ್ಜೆ ಗೆದ್ದು ಐ-ಲೀಗಿಗೆ ಮರಳುವ ಹಕ್ಕನ್ನೂ ಪಡೆದಿತ್ತು. ಅಂಥವರೇ ಸಾಕಪ್ಪಾ ಅಂತ ಹೊರಟಾಗ ಖಾಲಿಯಾದ ಜಾಗಕ್ಕೆ ಐಜಾಲ್ ವಾಪಸ್ ಬಂತು.

ಬಂದು ಮಾಡಿದ್ದೇನು? 2017ರ ಏಪ್ರಿಲ್ 30ರಂದು ಶಿಲ್ಲಾಂಗ್ ಲಜೋಂಗ್ ಜೊತೆ 1-1 ಡ್ರಾ ಮಾಡಿಕೊಂಡು, ಮೋಹನ್ ಬಾಗಾನ್‌ಗಿಂತ ಒಂದೇ ಒಂದು ಅಂಕ ಮುಂದೆ ನಿಂತು, ಭಾರತದ ಚಾಂಪಿಯನ್ ಆಯಿತು. ಆಗ ಅದರ ಕೋಚ್ ಆಗಿದ್ದವರು ಖಾಲಿದ್ ಜಮೀಲ್. 2025ರಲ್ಲಿ ಅವರೇ ಭಾರತ ತಂಡದ ಕೋಚ್ ಆದರು.

2017ರಲ್ಲೇ ಐಎಸ್‌ಎಲ್ ಎರಡು ಹೊಸ ತಂಡಗಳನ್ನು ಸೇರಿಸಿಕೊಂಡಿತು. ದೇಶದ ಚಾಂಪಿಯನ್ ಅದರಲ್ಲಿ ಇರಲಿಲ್ಲ. ಬಿಡ್ ಹಾಕಿ ಒಳಗೆ ಹೋದವರು ಟಾಟಾ ಸ್ಟೀಲ್‌ನ ಜಮ್ಶೆಡ್‌ಪುರ ಮತ್ತು ಜೆಎಸ್‌ಡಬ್ಲ್ಯೂ ಕಂಪನಿಯ ನಮ್ಮ ಬೆಂಗಳೂರು ಎಫ್‌ಸಿ.

ನಮ್ಮವರು ಅಂತ ಸುಮ್ಮನಿರಬೇಕಾ?

ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. ನಾನೂ ಬಿಎಫ್‌ಸಿ ಅಭಿಮಾನಿ. ಸುನಿಲ್ ಛೆಟ್ರಿ ಗೋಲು ಹೊಡೆದಾಗ ಮೊಬೈಲ್ ಹಿಡಿದು ಕುಣಿದವರಲ್ಲಿ ನಾನೂ ಒಬ್ಬ. 2013ರಲ್ಲಿ ಹುಟ್ಟಿದ ತಂಡ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಆಟದಲ್ಲಿ ಅದು ಯಾರಿಗೂ ಕಡಿಮೆ ಇರಲಿಲ್ಲ.

ಆದರೆ ಅದು ಐ-ಲೀಗಿಗೆ ಬಂದದ್ದೂ ನೇರ ಪ್ರವೇಶದಿಂದ, ಐಎಸ್‌ಎಲ್ಲಿಗೆ ಹೋದದ್ದೂ ಬಿಡ್‌ನಿಂದ. ಆಟದ ಯೋಗ್ಯತೆ ಇತ್ತು ಅನ್ನುವುದು ಬೇರೆ ಮಾತು. ಬಾಗಿಲು ತೆರೆದದ್ದು ಆ ಯೋಗ್ಯತೆಗಲ್ಲ. ಯೋಗ್ಯತೆಗೆ ತೆರೆಯುವ ಬಾಗಿಲಾಗಿದ್ದರೆ 2017ರಲ್ಲಿ ಐಜಾಲ್ ಮೊದಲು ಒಳಗೆ ಹೋಗಬೇಕಿತ್ತು. ನಮ್ಮ ಮನೆ ಹುಡುಗನಿಗೆ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿತು ಅಂತ ಪದ್ಧತಿ ಸರಿ ಆಗಿಬಿಡುವುದಿಲ್ಲ.

ಅದೇ ಊರಿನ ಇನ್ನೊಂದು ತಂಡದ ಕಥೆ ಕೇಳಿ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಇದಕ್ಕೆ ಛೆಟ್ರಿ ಇಲ್ಲ, ಜಾಹೀರಾತು ಇಲ್ಲ. ಮೂರನೇ ದರ್ಜೆಯ ಐ-ಲೀಗ್ 2 ಅನ್ನು 2023-24ರಲ್ಲಿ ಗೆದ್ದು ಐ-ಲೀಗಿಗೆ ಹತ್ತಿತು. ಜೊತೆಗೆ ಹತ್ತಿದ್ದು ಅದೇ ಹಳೆಯ ಡೆಂಪೊ. 2024-25ರಲ್ಲಿ ಬೆಂಗಳೂರಿನ ಹುಡುಗರಿಗೆ ಕಷ್ಟವಾಯಿತು. ದೆಹಲಿ ಎಫ್‌ಸಿ ಜೊತೆ ಅವರೂ ಕೆಳಗಿಳಿದರು.

ಬೇಜಾರಾಯಿತು, ಆದರೆ ಒಪ್ಪಿಕೊಂಡೆವು. ಸೋತವರು ಇಳಿಯಬೇಕು. ಹಾಗಾದರೆ ಅದೇ 2024-25ರಲ್ಲಿ ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಎಲ್ಲಿಗೆ ಇಳಿಯಿತು? ಎಲ್ಲಿಗೂ ಇಲ್ಲ. ಅದರ ಹಿಂದಿನ ವರ್ಷ ಕೊನೆಗೆ ಬಂದದ್ದು? ಅದೂ ಇಲ್ಲ. ಐಎಸ್‌ಎಲ್ ಶುರುವಾದ 2014ರಿಂದ 2024-25ರವರೆಗೆ ಆಡಿ ಸೋತು ಕೆಳಗಿಳಿದ ತಂಡ ಒಂದೂ ಇಲ್ಲ. ಕಾನೂನು ಇದ್ದದ್ದು ಬಡವರ ಲೀಗಿಗೆ ಮಾತ್ರ.

ಬಾಗಿಲು ತೆರೆಯಿತು, ಅರ್ಧ ಮಾತ್ರ

2019ರ ಯೋಜನೆಯಲ್ಲಿ ಒಂದು ಭರವಸೆ ಇತ್ತು. 2022-23ರಿಂದ ಐ-ಲೀಗ್ ಗೆದ್ದವರು ಲೈಸೆನ್ಸ್ ನಿಯಮಗಳನ್ನು ಪೂರೈಸಿದರೆ ಪ್ರವೇಶ ಫೀಸಿಲ್ಲದೆ ಮೇಲಕ್ಕೆ. 2024-25ರ ಹೊತ್ತಿಗೆ ಹತ್ತುವುದೂ ಇಳಿಯುವುದೂ ಎರಡೂ ಜಾರಿ.

ಮೊದಲ ಅರ್ಧ ನಡೆಯಿತು. 2022-23ರಲ್ಲಿ ರೌಂಡ್‌ಗ್ಲಾಸ್ ಪಂಜಾಬ್ ಗೆದ್ದು ಮೇಲೆ ಹೋಯಿತು. 2023-24ರಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಹೋಯಿತು. ಹತ್ತುವವರಿದ್ದರು, ಇಳಿಯುವವರಿರಲಿಲ್ಲ. ಬಸ್ಸಿಗೆ ಒಂದು ಸ್ಟಾಪಿನಲ್ಲಿ ಜನ ಹತ್ತುತ್ತಲೇ ಇದ್ದಾರೆ, ಯಾರೂ ಇಳಿಯುತ್ತಿಲ್ಲ ಅಂದರೆ ಏನಾಗುತ್ತದೆ? ಒಂದು ದಿನ ಕಂಡಕ್ಟರ್ "ಜಾಗ ಇಲ್ಲ, ರೈಟ್ ರೈಟ್" ಅನ್ನುತ್ತಾನೆ. ಇಳಿಯುವ ನಿಯಮ ಇಲ್ಲದೆ ಹತ್ತುವ ನಿಯಮ ಬಹಳ ದಿನ ಬಾಳುವುದಿಲ್ಲ.

ಭರವಸೆ ಜಾರಿಗೆ ಬರುವ ಮೊದಲೇ ಗೆದ್ದವರ ಗತಿ ಏನು? ಕೇರಳದ ಗೋಕುಲಂ 2020-21 ಮತ್ತು 2021-22ರಲ್ಲಿ ಸತತ ಎರಡು ಬಾರಿ ಐ-ಲೀಗ್ ಗೆದ್ದಿತು. 2022ರ ಮೇ ತಿಂಗಳಲ್ಲಿ ಎರಡನೇ ಸಲ ಚಾಂಪಿಯನ್ ಆದ ಕೆಲವೇ ದಿನಕ್ಕೆ ಕೋಲ್ಕತ್ತಾದಲ್ಲಿ ಎಎಫ್‌ಸಿ ಕಪ್ ಪಂದ್ಯದಲ್ಲಿ ಐಎಸ್‌ಎಲ್‌ನ ಎಟಿಕೆ ಮೋಹನ್ ಬಾಗಾನ್ ತಂಡವನ್ನು 4-2ರಿಂದ ಸೋಲಿಸಿತು. ಮೇಲಿನವರನ್ನು ಅವರ ಊರಿನಲ್ಲೇ ಸೋಲಿಸಿದರೂ ಮೇಲೆ ಹೋಗುವ ಹಕ್ಕಿಲ್ಲ! ಮೇಲು ಕೀಳು ಅನ್ನುವುದು ಆಟದಲ್ಲಿ ತೀರ್ಮಾನವಾಗುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಪ್ ಗೋವಾದಲ್ಲಿ, ತೀರ್ಪು ಸ್ವಿಟ್ಜರ್ಲೆಂಡಿನಲ್ಲಿ

2024-25ರಲ್ಲಿ ಇನ್ನೊಂದು ಅವಾಂತರ ಆಯಿತು. ಏಪ್ರಿಲ್ 6ಕ್ಕೆ ಕೊನೆಯ ಪಂದ್ಯಗಳು ಮುಗಿದವು. ಗೋವಾದ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ. ವಾರಾಣಸಿಯ ಇಂಟರ್ ಕಾಶಿಗೆ 39. ಆದರೆ ಜನವರಿಯ ಒಂದು ಪಂದ್ಯದಲ್ಲಿ ನಾಮಧಾರಿ ತಂಡ ಆಡುವ ಅರ್ಹತೆ ಇಲ್ಲದ ಆಟಗಾರನನ್ನು ಇಳಿಸಿತ್ತು ಅಂತ ಇಂಟರ್ ಕಾಶಿ ದೂರು ಕೊಟ್ಟಿತ್ತು. ಫೆಡರೇಷನ್ನಿನ ಒಂದು ಸಮಿತಿ ಕಾಶಿಗೆ ಅಂಕ ಕೊಟ್ಟಿತು. ಇನ್ನೊಂದು ಸಮಿತಿ ಕಿತ್ತುಕೊಂಡಿತು. ಚರ್ಚಿಲ್ ಕೈಗೆ ಟ್ರೋಫಿಯನ್ನೂ ಕೊಟ್ಟಾಯಿತು. ಕಾಶಿ ಸ್ವಿಟ್ಜರ್ಲೆಂಡಿನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಜುಲೈ 18ಕ್ಕೆ ತೀರ್ಪು ಬಂತು: ಚಾಂಪಿಯನ್ ಇಂಟರ್ ಕಾಶಿ.

ಆಡಿ ಮುಗಿದ ಮೂರು ತಿಂಗಳ ಮೇಲೆ, ಬೇರೆ ದೇಶದಲ್ಲಿ, ವಕೀಲರ ನಡುವೆ ನಮ್ಮ ಲೀಗಿನ ಚಾಂಪಿಯನ್ ಯಾರೆಂದು ಗೊತ್ತಾಯಿತು. ನಮ್ಮೂರ ಕಬಡ್ಡಿ ಪಂದ್ಯಾವಳಿಯಲ್ಲಿ ಬೋನಸ್ ಪಾಯಿಂಟಿಗೆ ಜಗಳ ಆದರೂ ಅವತ್ತು ರಾತ್ರಿಯೇ ಹಿರಿಯರು ಕೂತು ಬಗೆಹರಿಸುತ್ತಾರೆ.

ಇನ್ನೊಂದು ವಿಷಯ ಗಮನಿಸಿ. ಇಂಟರ್ ಕಾಶಿ ಮತ್ತು ನಾಮಧಾರಿ, ಎರಡೂ 2023ರಲ್ಲಿ ಬಿಡ್ ಹಾಕಿ ನೇರವಾಗಿ ಐ-ಲೀಗಿಗೆ ಬಂದ ತಂಡಗಳು. ನಾಮಧಾರಿ ತಂಡದ ಅಂಗಳ ಪಂಜಾಬಿನ ಭೈಣಿ ಸಾಹಿಬ್ ಎಂಬ ಹಳ್ಳಿಯಲ್ಲಿದೆ. ಹಳ್ಳಿಯಲ್ಲಿ ದೇಶದ ಮಟ್ಟದ ಲೀಗ್ ಪಂದ್ಯ ನಡೆಯಬಹುದು ಅನ್ನುವುದು ಖುಷಿಯ ಸಂಗತಿ. ಆದರೆ ಆ ಹಳ್ಳಿಗೂ ದಾರಿ ಸಿಕ್ಕಿದ್ದು ಬಿಡ್‌ನಿಂದಲೇ. ಅಂದರೆ ಮ್ಯಾನೇಜ್‌ಮೆಂಟ್ ಸೀಟು ಈಗ ಎರಡನೇ ದರ್ಜೆಗೂ ಇಳಿದಿದೆ.

"ದುಡ್ಡು ಹಾಕಿದವರ ಗತಿ?"

ಇದಕ್ಕೆ ಒಂದು ಉತ್ತರ ಯಾವಾಗಲೂ ರೆಡಿ ಇರುತ್ತದೆ: "ಕೋಟಿಗಟ್ಟಲೆ ಹಾಕಿದವರನ್ನು ಕೆಳಗಿಳಿಸಿದರೆ ಅವರು ಅಂಗಡಿ ಮುಚ್ಚಿಕೊಂಡು ಹೋಗುತ್ತಾರೆ. ಆಮೇಲೆ ಫುಟ್‌ಬಾಲೇ ಇರುವುದಿಲ್ಲ."

ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಐಎಸ್‌ಎಲ್‌ನಿಂದ ಒಳ್ಳೆಯದೂ ಆಗಿದೆ. ಮೈದಾನಗಳು ಸುಧಾರಿಸಿದವು, ಆಟಗಾರರ ಸಂಬಳ ಏರಿತು, ಮನೆ ಮನೆಯ ಟಿವಿಗೆ ಫುಟ್‌ಬಾಲ್ ಬಂತು. ಹಣ ಇಲ್ಲದೆ ಲೀಗ್ ನಡೆಯುವುದಿಲ್ಲ, ನಿಜ.

ಆದರೆ ಬಾಗಿಲು ಹಾಕಿಕೊಂಡು ಕಾಪಾಡಿದ್ದು ಏನನ್ನು? ಯಾರೂ ಕೆಳಗಿಳಿಸದಿದ್ದರೂ 2019ರಲ್ಲಿ ಪುಣೆ ಸಿಟಿ ತಂಡ ಮುಚ್ಚಿಹೋಯಿತು, ಅದರ ಜಾಗ ಹೈದರಾಬಾದ್‌ಗೆ ಹೋಯಿತು. ಅದೇ ವರ್ಷ ದೆಹಲಿ ಡೈನಾಮೋಸ್ ಗಂಟುಮೂಟೆ ಕಟ್ಟಿ ಒಡಿಶಾಕ್ಕೆ ಹೋಯಿತು. 2025ರಲ್ಲಿ ಹೈದರಾಬಾದ್ ತಂಡ ಮತ್ತೆ ದೆಹಲಿಗೆ ಹೋಯಿತು. ಊರಿನ ಅಭಿಮಾನಿಗಳನ್ನು ಕೇಳಿದವರು ಯಾರು? ಸೋತು ಕೆಳಗಿಳಿದ ತಂಡ ಊರಿನಲ್ಲೇ ಇರುತ್ತದೆ, ಮರುವರ್ಷ ಮತ್ತೆ ಹತ್ತಲು ನೋಡುತ್ತದೆ. ಫ್ರಾಂಚೈಸಿ ಮಾರಿಕೊಂಡು ಹೋದ ತಂಡ ವಾಪಸ್ ಬರುವುದಿಲ್ಲ.

ಕೊನೆಗೆ ಏನಾಯಿತು ನೋಡಿ. ಆ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದಿನ ದಾರಿ ಸ್ಪಷ್ಟವಾಗದೆ ಜುಲೈನಲ್ಲೇ ಐಎಸ್‌ಎಲ್‌ ಅನ್ನು ತಡೆಹಿಡಿದರು. ಹೊಸ ಟೆಂಡರ್ ಕರೆದರೆ ನವೆಂಬರ್‌ನಲ್ಲಿ ಒಬ್ಬರೂ ಬಿಡ್ ಹಾಕಲಿಲ್ಲ. ಕೊನೆಗೆ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, 14 ತಂಡಗಳೊಂದಿಗೆ 2026ರ ಫೆಬ್ರವರಿ 14ಕ್ಕೆ ಶುರು ಅಂತ ಜನವರಿಯಲ್ಲಿ ಘೋಷಿಸಬೇಕಾಯಿತು. ಮೇಲಿನ ಲೀಗಿನ ಗೊಂದಲಕ್ಕೆ ಕೆಳಗಿನ ಲೀಗೂ ಬಲಿಯಾಯಿತು. 2024ರಲ್ಲಿ ನವೆಂಬರ್ 22ಕ್ಕೆ ಶುರುವಾಗಿದ್ದ ಐ-ಲೀಗ್ 2025ರಲ್ಲಿ ವರ್ಷ ಮುಗಿದರೂ ಶುರುವಾಗಿರಲಿಲ್ಲ. ಆನೆಗಳ ಗುದ್ದಾಟದಲ್ಲಿ ಹುಲ್ಲು ನುಗ್ಗಾದಂತೆ.

ಈ ಹುಲ್ಲು ಅಂದರೆ ಯಾರು? ಐ-ಲೀಗ್ ಆಟಗಾರ. ಲೀಗ್ ನಡೆದ ವರ್ಷವೇ 22 ಪಂದ್ಯ, ನಾಲ್ಕೂವರೆ ತಿಂಗಳು. ಉಳಿದ ತಿಂಗಳು ಲೀಗ್ ಪಂದ್ಯವೇ ಇಲ್ಲ. ಲೀಗೇ ಶುರುವಾಗದಿದ್ದರೆ ಅವನು ಏನು ಮಾಡಬೇಕು? ಹೊಲದಲ್ಲಿ ಬಿತ್ತನೆ ತಪ್ಪಿದರೆ ಒಂದು ವರ್ಷ ಹೋದಂತೆ. ಆಟಗಾರನ ಕಾಲು ಓಡುವುದೇ ಹತ್ತು ಹನ್ನೆರಡು ವರ್ಷ. ಅದರಲ್ಲಿ ಒಂದು ವರ್ಷ ಕಾಗದ ಪತ್ರದಲ್ಲಿ ಕಳೆದರೆ ಯಾರು ಕಟ್ಟಿಕೊಡುತ್ತಾರೆ?

ನಮಗೂ ಇದಕ್ಕೂ ಏನು ಸಂಬಂಧ?

2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅಂದರೆ ನಮ್ಮ ಹುಡುಗರಿಗೆ ಆಟ ಬರುತ್ತದೆ. ಬೇಕಾಗಿರುವುದು ಮೆಟ್ಟಿಲು.

ಕಾಗದದ ಮೇಲೆ ಮೆಟ್ಟಿಲುಗಳಿವೆ. 2024-25ರಲ್ಲಿ ಅವು ಹೀಗಿದ್ದವು: ರಾಜ್ಯದ ಲೀಗ್, ಅದರ ಮೇಲೆ ಐ-ಲೀಗ್ 3, ಐ-ಲೀಗ್ 2, ಐ-ಲೀಗ್, ಐಎಸ್‌ಎಲ್. ಆದರೆ ನಮ್ಮಲ್ಲಿ ಮೊದಲ ಮೆಟ್ಟಿಲೇ ಬೆಂಗಳೂರಿನಲ್ಲಿದೆ. ಕ್ಲಬ್ ಫುಟ್‌ಬಾಲ್ ಅಂದರೆ ಬೆಂಗಳೂರಿನ ಸೂಪರ್ ಡಿವಿಷನ್. ರಾಯಚೂರಿನ, ಹಾವೇರಿಯ, ಚಾಮರಾಜನಗರದ ಹಳ್ಳಿ ತಂಡ ಎಲ್ಲಿಂದ ಹತ್ತಬೇಕು? ಕೊನೆಯ ಮೆಟ್ಟಿಲಿಗೆ ಬೀಗ, ಮೊದಲನೆಯದು ನಮ್ಮೂರಿನಿಂದ ದೂರ. ನಡುವಿನ ಏಣಿ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ಹಾಗಾಗಿ ನಾವು ಕೇಳಬೇಕಾದ್ದು ಮೂರೇ ವಿಷಯ.

ಒಂದು: ಪ್ರತಿ ವರ್ಷ ಮೇಲಿನ ಲೀಗಿನ ಕೊನೆಯ ತಂಡ ಕೆಳಗಿಳಿಯಬೇಕು. ನಮ್ಮ ಬಿಎಫ್‌ಸಿಯೇ ಕೊನೆಗೆ ಬಂದರೂ ಸರಿ, ಇಳಿಯಲಿ. ಮುಳುಗದ ಹಾಗೆ ಒಂದೆರಡು ವರ್ಷ ಸಹಾಯಧನ ಕೊಡಲಿ, ಬೇಡ ಅನ್ನುವುದಿಲ್ಲ.

ಎರಡು: ಯಾವ ದರ್ಜೆಯಲ್ಲೂ ನೇರ ಪ್ರವೇಶ ಬೇಡ. ದುಡ್ಡಿದ್ದವರು ಬರಲಿ, ಸ್ವಾಗತ. ಕೆಳಗಿನ ಮೆಟ್ಟಿಲಿನಿಂದ ಬರಲಿ. ದುಡ್ಡಿದ್ದರೆ ಒಳ್ಳೆಯ ಕೋಚ್, ಒಳ್ಳೆಯ ಬೂಟು, ಒಳ್ಳೆಯ ಊಟ ಕೊಟ್ಟು ಬೇಗ ಹತ್ತಲಿ.

ಮೂರು: ಜಿಲ್ಲೆಗೊಂದು ಲೀಗ್, ಅದನ್ನು ಗೆದ್ದವರಿಗೆ ರಾಜ್ಯ ಲೀಗಿನಲ್ಲಿ ಹಕ್ಕಿನ ಜಾಗ. ಇದನ್ನು ಕೇಳಲು ದೆಹಲಿಗೆ ಹೋಗಬೇಕಿಲ್ಲ. ನಿಮ್ಮ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಒಂದು ಅರ್ಜಿ ಹಾಕಿ. ಮುಂದಿನ ಸಲ ಓಟು ಕೇಳಲು ಬಂದು ಯುವಕ ಸಂಘಕ್ಕೆ ಕ್ರಿಕೆಟ್ ಕಿಟ್ ಕೊಡುವ ನಾಯಕರನ್ನು ಕೇಳಿ: "ಕಿಟ್ ಇರಲಿ ಸ್ವಾಮಿ, ಲೀಗ್ ಎಲ್ಲಿ?"

ಆ ಹುಡುಗನಿಗೆ ಅವತ್ತು ನಾನು ಹೇಳಿದ್ದು ಇಷ್ಟೇ: "ಗೆಲ್ಕೋತ ಹೋಗ್ರಿ ತಮ್ಮಾ. ಎಲ್ಲಿ ತಡೀತಾರೋ ಅಲ್ಲಿ ನಿಂತು ಯಾಕ ಅಂತ ಕೇಳ್ರಿ."

ಅವನು ನಕ್ಕ. "ಕೇಳಿದ್ರ ತೆಗೀತಾರೇನಣ್ಣಾ?"

ಒಬ್ಬನೇ ಕೇಳಿದರೆ ತೆಗೆಯುವುದಿಲ್ಲ. ಅದಕ್ಕೇ ಇದನ್ನು ನಿಮಗೆಲ್ಲ ಬರೆದಿದ್ದೇನೆ.